ಹಿಮ ಮುಚ್ಚಿದ ಕೇದಾರದ ಹಾದಿ

ಮೈಸೂರಿನಲ್ಲಿ ಮಾರ್ಗಶಿರದ ಮುಂಜಾವು ತುಸು ಕೊರೆದರೆ ಸಾಕು, ನಾವು ಬಾಗಿಲು ಮುಚ್ಚಿ ಪೂಜೆಗೆ ಕೂರುತ್ತೇವೆ. ಅದೇ ದಿನಗಳಲ್ಲಿ ಹಿಮವತ್ಕೇದಾರದ ದೇಗುಲಕ್ಕೆ ಬೀಗ ಬಿದ್ದಿರುತ್ತದೆ. ಇದನ್ನರಿಯದೆ, ಮಕ್ಕಳಿಗೆ ರಜೆಯಿದೆಯೆಂದು ಚಳಿಗಾಲದಲ್ಲಿ ಕೇದಾರಯಾತ್ರೆಗೆ ಹೊರಡಬಹುದೇ ಎಂದು ಕೇಳುವ ಭಕ್ತ ಕುಟುಂಬಗಳು ಹಲವು. ಅವರಿಗಾಗಿ ಈ ನಾಲ್ಕು ಮಾತು.

ಕೇದಾರವು ಸುಮಾರು 3,580 ಮೀಟರ್ ಎತ್ತರದಲ್ಲಿದೆ. ಮೋಟಾರು ರಸ್ತೆ ಗೌರೀಕುಂಡಕ್ಕೆ ಮುಗಿಯುತ್ತದೆ. ಅಲ್ಲಿಂದ ಹಿಂದೆ 14 ಕಿಲೋಮೀಟರ್ ಇದ್ದ ಕಾಲುದಾರಿಯು, 2013ರ ಜೂನ್ ತಿಂಗಳ ಪ್ರವಾಹದಲ್ಲಿ ರಾಮಬಾಡಾ ಕೊಚ್ಚಿಹೋದ ಮೇಲೆ ಮಂದಾಕಿನಿಯ ಆಚೆ ದಡಕ್ಕೆ ತಿರುಗಿ ಸುಮಾರು 16 ಕಿಲೋಮೀಟರ್ ಆಗಿದೆ. ದೀಪಾವಳಿ ಕಳೆದು ಯಮದ್ವಿತೀಯದ ಹೊತ್ತಿಗೆ ಬಾಗಿಲು ಮುಚ್ಚಿ, ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿ ಊಖೀಮಠದ ಓಂಕಾರೇಶ್ವರ ದೇಗುಲಕ್ಕೆ ಬಿಜಯಂಗೈಸುತ್ತಾರೆ. ಸುಮಾರು ಆರು ತಿಂಗಳ ಪೂಜೆ ಅಲ್ಲಿಯೇ. ಪಂಚಪೀಠಗಳಲ್ಲೊಂದಾದ ಕೇದಾರಪೀಠವಿರುವುದೂ ಅಲ್ಲಿಯೇ. ಕರ್ನಾಟಕದ ವೀರಶೈವ ಜಂಗಮರು ಕೇದಾರದ ಪೂಜೆಗೆ ಹೋಗುವ ಪದ್ಧತಿಯನ್ನು ಓದುಗರು ಬಲ್ಲರು.

2019ರ ಪುಷ್ಯಮಾಸದಲ್ಲಿ ಭಕ್ತ ಕುಟುಂಬವೊಂದರ ಸಂಗಡ ನಾವು ಊಖೀಮಠಕ್ಕೆ ಹೋಗಿದ್ದೆವು. ಓಂಕಾರೇಶ್ವರನ ದರ್ಶನವಾದೊಡನೆ, ಎಪ್ಪತ್ತು ದಾಟಿದ ಆ ಮನೆಯ ತಾಯಿಯವರು, “ಬುದ್ಧಿ, ಇಷ್ಟು ದೂರ ಬಂದು ಮೇಲಿನ ಬಾಗಿಲನ್ನಾದರೂ ಮುಟ್ಟದೆ ತಿರುಗುವುದೇ? ನಮ್ಮ ಯಜಮಾನರು ಇದೇ ಆಸೆಯಲ್ಲಿ ಲಿಂಗೈಕ್ಯರಾದರು. ಇನ್ನೊಮ್ಮೆ ಬರಲು ನನಗೆ ಆಯುಸ್ಸೆಲ್ಲಿದೆ?” ಎಂದರು.

ಕುದುರೆ ನಡೆಸುವ ಅಲ್ಲಿನ ವೃದ್ಧರೊಬ್ಬರನ್ನು ವಿಚಾರಿಸಿದೆವು. ಹಿಮ ಕವಿದರೆ ಹಾದಿಯ ಅಂಚು ಯಾವುದು, ಕಮರಿ ಯಾವುದು ತಿಳಿಯದು. ಕಣಿವೆಗಳಲ್ಲಿ ತುಂಬಿದ ಹಿಮರಾಶಿ ಬಿಸಿಲೇರಿದಂತೆ ಸಡಿಲಗೊಂಡು ಜಾರುತ್ತದೆ. ದಾರಿಯಲ್ಲಿ ಅಂಗಡಿಯಿಲ್ಲ, ಕುದುರೆಯಿಲ್ಲ. ಮೇಲೆ ಮರಗಳೇ ಇಲ್ಲದ್ದರಿಂದ ಸೌದೆಯಿಲ್ಲ; ಕೊಳಾಯಿಯ ನೀರು ಹೆಪ್ಪುಗಟ್ಟಿರುತ್ತದೆ. ಹತ್ತು ಕೊಡ ಹೊಸ ಹಿಮ ಕರಗಿಸಿದರೆ ದೊರೆಯುವುದು ಸುಮಾರು ಒಂದು ಕೊಡ ನೀರು. ಆ ಎತ್ತರದಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಬೇಳೆ ಬೇಗ ಬೇಯದು. ಉರುವಲಿನಿಂದ ಉಪ್ಪಿನವರೆಗೆ ಎಲ್ಲವನ್ನೂ ಹಿಮ ಬೀಳುವ ಮುನ್ನವೇ ಕೂಡಿಟ್ಟುಕೊಂಡವರು ಮಾತ್ರ ಅಲ್ಲಿ ಉಳಿಯಬಲ್ಲರು.

ಮಗನು ತಾಯಿಯ ಮುಖ ನೋಡಲಾರದೆ ನಮ್ಮತ್ತ ನೋಡಿದನು. “ತಾಯಿ, ರಾವಲರೂ ಅರ್ಚಕರೂ ಈ ಕಾಲದಲ್ಲಿ ಮೇಲೆ ಹೋಗರು. ಕೇದಾರೇಶ್ವರನೇ ಕೆಳಗೆ ಬಂದಿರುವನು; ನಿಮ್ಮ ಕರಸ್ಥಲದಲ್ಲಿ ಇಷ್ಟಲಿಂಗವೂ ಇದೆ” ಎಂದೆವು. ಆ ಮಾತಿಗೆ ಅವರ ಕಣ್ಣೀರು ನಿಲ್ಲಲಿಲ್ಲ. ಶಾಸ್ತ್ರ ತಿಳಿದ ಮಾತ್ರಕ್ಕೆ ಐವತ್ತು ವರ್ಷ ಕಾದ ಮನಸ್ಸು ತಣಿಯುವುದಿಲ್ಲವೆಂಬುದನ್ನು ಅಂದು ಕಂಡೆವು.

ಮರುದಿನ ಮುಂಜಾನೆ ಅವರು ಓಂಕಾರೇಶ್ವರನ ಪ್ರಾಕಾರದಲ್ಲಿ ಕುಳಿತು ನಿಧಾನವಾಗಿ ಲಿಂಗಪೂಜೆ ಮುಗಿಸಿದರು. ಬಳಿಕ, ಮೈಸೂರಿನಿಂದ ಜತನವಾಗಿ ತಂದಿದ್ದ ಯಜಮಾನರ ಉಣ್ಣೆಯ ಶಾಲನ್ನು ಆ ಕುದುರೆಯ ವೃದ್ಧರ ಕೈಯಲ್ಲಿಟ್ಟು, “ಬಾಗಿಲು ತೆರೆದಾಗ ಇದನ್ನು ಹೊದ್ದು ಮೇಲೆ ಹೋಗಣ್ಣ” ಎಂದರು. ಮಗನು ಅದನ್ನು ಹಿಂದಿಯಲ್ಲಿ ಹೇಳಿದನು. ವೃದ್ಧರು ಶಾಲನ್ನು ಕಣ್ಣಿಗೊತ್ತಿಕೊಂಡರು.

ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಊಖೀಮಠದಲ್ಲಿ ಪ್ರಕಟಿಸುತ್ತಾರೆ; ಸಾಮಾನ್ಯವಾಗಿ ಅದು ಏಪ್ರಿಲ್ ಕೊನೆ ಇಲ್ಲವೆ ಮೇ ತಿಂಗಳಲ್ಲಿ ಬರುತ್ತದೆ. ಮೇಲೇರುವ ಹಂಬಲವುಳ್ಳವರು ಆ ಬಳಿಕ, ಮಳೆಗೆ ಮುನ್ನ ಹೊರಡಲಿ. ಮನೆಯ ಹಿರಿಯರ ಕಾಲುಗಳಲ್ಲಿ ಶಕ್ತಿಯಿರುವಾಗಲೇ ಅವರನ್ನು ಕರೆದೊಯ್ಯುವುದು ಮಕ್ಕಳ ಕರ್ತವ್ಯ. ಚಳಿಗಾಲದಲ್ಲೇ ಹೋಗಬೇಕಾದವರು ಊಖೀಮಠದಲ್ಲಿ ನಿಲ್ಲಲಿ. ಅಲ್ಲಿಯ ದರ್ಶನವು ಕೇದಾರದ ದರ್ಶನವೇ.