ಅಪ್ಪನ ಯೆಜ್ಡಿ

ಅಪ್ಪ ದಿನಾ ಯೆಜ್ಡಿಯಲ್ಲಿ ಸದಾಶಿವಗಡದಿಂದ ಕಾರವಾರಕ್ಕೆ ದಾಟುತ್ತಿದ್ದ ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರಂದು ಕುಸಿದು ಬಿತ್ತು. ಗಾಡಿಯಾದರೂ ಉಳಿಯಬೇಕು ಅಂತ ನಾನು ಗಟ್ಟಿ ಮಾಡಿಕೊಂಡದ್ದು ಆಗ.

ನಮ್ಮೂರ ಉಪ್ಪುಗಾಳಿ ಎರಡೂ ಸೈಲೆನ್ಸರುಗಳನ್ನು ತಿಂದುಹಾಕಿತ್ತು, ಮಡ್‌ಗಾರ್ಡು ಮುಟ್ಟಿದರೆ ಉದುರುತ್ತಿತ್ತು. ಎಂಜಿನ್ ಮಾತ್ರ ಚೆನ್ನಾಗಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ, ಟೂ ಸ್ಟ್ರೋಕ್. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಹುಡುಕಿದರೆ ಬಿಡಿಭಾಗ ಸಿಗುತ್ತವೆ.

ಈಗ ಅದನ್ನು ನನ್ನ ಮನಸ್ಸಿನಂತೆ ಕಟ್ಟಿಸುತ್ತಿದ್ದೇನೆ. ತಯಾರಕರ ಮೂಲ ವಿನ್ಯಾಸ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಹಾಗಾಗಿ ಚಾಸಿ ಕೊಯ್ಯುವ ಮಾತಿಲ್ಲ. ಬಣ್ಣ ಬದಲಾದರೂ ಆರ್‌ಸಿಯಲ್ಲಿ ನಮೂದಾಗಬೇಕು. ನನಗೇನೂ ಬೇಸರವಿಲ್ಲ. ಅಪ್ಪನ ನೆನಪಿಗೆಂದು ಹೊರಟು ಅಪ್ಪನ ಗಾಡಿಯನ್ನೇ ಅಳಿಸಿಬಿಟ್ಟರೆ ಏನು ಬಂತು?

ಒಂದು ಭಾಗಕ್ಕೆ ಕೈ ಹಾಕಬೇಡಿ ಎಂದು ಮೆಕ್ಯಾನಿಕ್‌ಗೆ ಹೇಳಿದ್ದೇನೆ. ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್, ಎಡಗಡೆ. ಒಳಕ್ಕೆ ಒತ್ತಿ ಹಿಂದೆ ತಿರುಗಿಸಿ ಕಿಕ್ ಹೊಡೆಯಬೇಕು, ಮುಂದೆ ಮಡಚಿದರೆ ಅದೇ ಗೇರ್. ಅಪ್ಪನ ಎಡಗಾಲಿನ ಬೂಟು ಯಾವಾಗಲೂ ಮೇಲ್ಗಡೆ ಸವೆದಿರುತ್ತಿತ್ತು. ಆ ಲಿವರಿನ ರಬ್ಬರೂ ಅಷ್ಟೇ ಸವೆದಿದೆ. ಅದಕ್ಕೆ ಕ್ರೋಮ್ ಬೇಡ, ಹೊಸ ರಬ್ಬರೂ ಬೇಡ.

ಟ್ಯಾಂಕಿನ ಮೇಲೆ ಬಂಗಾರದ ಗೆರೆಯನ್ನು ಕುಂಚ ಹಿಡಿದು ಎಳೆಯುವ ಪೇಂಟರ್ ಕಾರವಾರ, ಅಂಕೋಲಾ ಕಡೆ ಇದ್ದರೆ ದಯವಿಟ್ಟು ತಿಳಿಸಿ. ಸ್ಟಿಕರ್ ಅಂಟಿಸಲು ನನಗೆ ಮನಸ್ಸಿಲ್ಲ.