ಕಬ್ಬಿಣದ ಊರಿನ ಆಟದ ಬಯಲು

ಅಟ್ಲಾಂಟಾದಿಂದ ಪಶ್ಚಿಮಾಭಿಮುಖವಾಗಿ ಹೊರಟ ಹೆದ್ದಾರಿಯು ಪೈನ್ ಕಾಡುಗಳನ್ನು ಹಾದು ಅಲಬಾಮಾದ ಗಡಿಯನ್ನು ದಾಟುತ್ತಲೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಹೀಗೆ ಅನಾಯಾಸವಾಗಿ ಲಭಿಸಿದ ಆ ಗಂಟೆಯನ್ನು, 2024ರ ಜೂನ್ 20ರಂದು, ನಾನು ಬರ್ಮಿಂಗ್‌ಹ್ಯಾಮ್ ನಗರದ ಕೆಲ್ಲಿ ಇಂಗ್ರಾಂ ಉದ್ಯಾನದಲ್ಲಿ ಕಳೆದೆನು.

ಅಲ್ಲಿಯ ಒಂದು ಕಾಲುದಾರಿಯ ಇಕ್ಕೆಲದ ಗೋಡೆಗಳಿಂದ ಲೋಹದ ನಾಯಿಗಳು ಹಲ್ಲು ಕಿಸಿದು ಮೇಲೆರಗುವಂತೆ ಚಾಚಿಕೊಂಡಿವೆ. ನಡೆಯುವವನು ಆ ಬಾಯಿಗಳ ನಡುವೆಯೇ ನುಸುಳಬೇಕು. ಮುಂದೆ ಹೋಗುತ್ತಿದ್ದ ಗೃಹಸ್ಥರೊಬ್ಬರು, ಬೆದರಿ ನಿಂತ ಮಗುವನ್ನು ಎತ್ತಿಕೊಂಡು, ಹುಲ್ಲಿನ ಮೇಲೆ ಬಳಸಿ ನಡೆದರು. 1963ರ ಮೇ ತಿಂಗಳಿನಲ್ಲಿ, ಸಮಾನ ಹಕ್ಕನ್ನು ಕೇಳಿ ಬೀದಿಗಿಳಿದ ಕಪ್ಪು ಜನಾಂಗದ ಶಾಲಾಬಾಲಕರ ಮೇಲೆ ಪೊಲೀಸರು ನಾಯಿಗಳನ್ನು ಛೂಬಿಟ್ಟು, ಅಗ್ನಿಶಾಮಕ ಕೊಳವೆಗಳ ನೀರಿನ ರಭಸದಿಂದ ಅವರನ್ನು ನೆಲಕ್ಕೆ ಕೆಡವಿದ ಸ್ಥಳವದು. ಎದುರಿಗಿರುವ ಚರ್ಚಿನಲ್ಲಿ ಅದೇ ವರ್ಷದ ಸೆಪ್ಟೆಂಬರ್ 15ರ ಭಾನುವಾರ ಬಾಂಬು ಸಿಡಿದು ನಾಲ್ವರು ಬಾಲಕಿಯರು ಮಡಿದರು.

ನಾಯಿಗಳನ್ನು ಬಿಡಿಸಿದ ಅಧಿಕಾರಿ ಬುಲ್ ಕಾನರ್ ಎಂಬಾತನು ರಾಜಕೀಯಕ್ಕೆ ಕಾಲಿಡುವ ಮುನ್ನ ಬೇಸ್‌ಬಾಲ್ ಪಂದ್ಯಗಳ ರೇಡಿಯೋ ವರ್ಣನಕಾರನಾಗಿ ಆ ಊರಿನ ಮನೆಮಾತಾಗಿದ್ದವನು. ತಂತಿಯಲ್ಲಿ ಬಂದ ಒಣ ವರ್ತಮಾನವನ್ನೇ ಹಿಡಿದು ಇಡೀ ಆಟವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತಿದ್ದನಂತೆ. ಅವನು ಬಣ್ಣಿಸುತ್ತಿದ್ದ ಬಿಳಿಯರ ಬ್ಯಾರನ್ಸ್ ತಂಡದ ನೆಲೆಯಾಗಿದ್ದ ರಿಕ್‌ವುಡ್ ಅಂಗಣಕ್ಕೇ ಅಂದು ಸಂಜೆ ನಾನು ಪಂದ್ಯ ನೋಡಲು ಹೋಗಬೇಕಾಗಿದ್ದುದು.

ಕಬ್ಬಿಣದ ಉದ್ಯಮಿ ರಿಕ್ ವುಡ್‌ವರ್ಡ್ 1910ರಲ್ಲಿ ಕಟ್ಟಿಸಿದ ಈ ಅಂಗಣವು ಅಮೆರಿಕದಲ್ಲಿ ಇಂದಿಗೂ ಉಳಿದಿರುವ ವೃತ್ತಿಪರ ಬೇಸ್‌ಬಾಲ್ ಅಂಗಣಗಳಲ್ಲಿ ಅತ್ಯಂತ ಪ್ರಾಚೀನವಾದುದು. ಇದೇ ಹುಲ್ಲಿನ ಮೇಲೆ ಒಂದು ದಿನ ಬ್ಯಾರನ್ಸ್, ಇನ್ನೊಂದು ದಿನ ಕಪ್ಪು ಆಟಗಾರರಿಗೆಂದೇ ಇದ್ದ ನೀಗ್ರೋ ಲೀಗಿನ ಬ್ಲ್ಯಾಕ್ ಬ್ಯಾರನ್ಸ್; ಇಬ್ಬರೂ ಕೂಡಿ ಆಡುವಂತಿರಲಿಲ್ಲ. ಕರಿಯನೂ ಬಿಳಿಯನೂ ಜೊತೆಗೆ ಕುಳಿತು ಇಸ್ಪೀಟಾಡುವುದನ್ನು ಕೂಡ ಅಪರಾಧವೆಂದು ನಗರಸಭೆಯ ಕಾನೂನು ಸಾರುತ್ತಿತ್ತು. ಕಡೆಗೆ, ಸಮ್ಮಿಶ್ರ ತಂಡವನ್ನು ಕಣಕ್ಕಿಳಿಸುವುದಕ್ಕಿಂತ ತಂಡವೇ ಇಲ್ಲದಿರುವುದು ಲೇಸೆಂದು, 1961ರ ಋತುವಿನ ತರುವಾಯ ಬ್ಯಾರನ್ಸ್ ತಂಡವನ್ನೇ ಮುಚ್ಚಿಬಿಟ್ಟರು. ನೆಗಡಿಗೆ ಮೂಗು ಕೊಯ್ದುಕೊಳ್ಳುವವರನ್ನು ನಮ್ಮ ಹಿರಿಯರು ಗಾದೆಯಲ್ಲಿ ಮಾತ್ರ ಕಂಡಿದ್ದರು.

ನೀಗ್ರೋ ಲೀಗುಗಳ ಗೌರವಾರ್ಥವಾಗಿ ಏರ್ಪಟ್ಟ ಆ ಸಂಜೆಯ ಪಂದ್ಯದಲ್ಲಿ, ದೇಶದ ಅಗ್ರ ಶ್ರೇಣಿಯಾದ ಮೇಜರ್ ಲೀಗಿನ ಕಾರ್ಡಿನಲ್ಸ್ ತಂಡದವರು ಸೇಂಟ್ ಲೂಯಿಸ್ ಸ್ಟಾರ್ಸ್ ತಂಡದ ಉಡುಪನ್ನೂ, ಜೈಂಟ್ಸ್ ತಂಡದವರು ಸ್ಯಾನ್‌ಫ್ರಾನ್ಸಿಸ್ಕೊ ಸೀ ಲಯನ್ಸ್ ತಂಡದ ಉಡುಪನ್ನೂ ಧರಿಸಿದ್ದರು. ಐವರು ಅಂಪೈರುಗಳೂ ಕಪ್ಪು ಜನಾಂಗದವರಾಗಿದ್ದುದು ಮೇಜರ್ ಲೀಗಿನ ಚರಿತ್ರೆಯಲ್ಲಿ ಅದೇ ಮೊದಲು. 1948ರಲ್ಲಿ, ಇನ್ನೂ ಶಾಲಾಬಾಲಕನಾಗಿದ್ದಾಗಲೇ, ಇಲ್ಲಿ ಬ್ಲ್ಯಾಕ್ ಬ್ಯಾರನ್ಸ್ ಪರವಾಗಿ ಆಡಿದ ಮಹಾನ್ ಆಟಗಾರ ವಿಲ್ಲಿ ಮೇಸ್ ಎರಡು ದಿನಗಳ ಹಿಂದಷ್ಟೇ, ತಮ್ಮ 93ನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದರು. ಅವರ ಅಂದಿನ ಸಹ ಆಟಗಾರ, 99 ವರ್ಷದ ಬಿಲ್ ಗ್ರೀಸನ್, ಮೊದಲ ಚೆಂಡನ್ನು ಎಸೆದಾಗ ಸಭೆಗೆ ಸಭೆಯೇ ಎದ್ದು ನಿಂತಿತು.

ಪಕ್ಕದ ಆಸನದಲ್ಲಿದ್ದ ವೃದ್ಧರೊಬ್ಬರು ಮೊಂಡು ಪೆನ್ಸಿಲಿನಿಂದ ಪ್ರತಿಯೊಂದು ಎಸೆತವನ್ನೂ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ನೀಗ್ರೋ ಲೀಗುಗಳ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿ, .372ರ ಬ್ಯಾಟಿಂಗ್ ಸರಾಸರಿಯ ಜಾಶ್ ಗಿಬ್ಸನ್‌ರನ್ನು ಅದುವರೆಗೆ ಅಗ್ರಸ್ಥಾನದಲ್ಲಿದ್ದ ಬಿಳಿಯ ಆಟಗಾರ ಟೈ ಕಾಬ್‌ಗಿಂತ ಮೇಲೆ ಕೂರಿಸಿ ಒಂದು ತಿಂಗಳೂ ಕಳೆದಿರಲಿಲ್ಲ. ಅದರ ಮಾತೆತ್ತಿದಾಗ ಆ ವೃದ್ಧರು, ಗಿಬ್ಸನ್ ಸತ್ತದ್ದು 1947ರ ಜನವರಿಯಲ್ಲಿ, ಕಪ್ಪು ಆಟಗಾರ ಜಾಕಿ ರಾಬಿನ್‌ಸನ್‌ಗೆ ಮೇಜರ್ ಲೀಗಿನ ಬಾಗಿಲು ತೆರೆದದ್ದು ಏಪ್ರಿಲ್‌ನಲ್ಲಿ ಎಂದಷ್ಟೇ ನುಡಿದು ಹಾಳೆಯತ್ತ ತಿರುಗಿದರು.

ಉತ್ಸವದ ಸವಿಮಾತುಗಳಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಆದರೆ 1967ರಲ್ಲಿ ಇದೇ ಊರಿನ ಬೇರೊಂದು ತಂಡಕ್ಕಾಗಿ ಆಡಿದ್ದ ಕಪ್ಪು ಆಟಗಾರ ರೆಗ್ಗಿ ಜಾಕ್ಸನ್, ಇಲ್ಲಿಗೆ ಮರಳಿ ಬಂದುದು ಹೇಗೆನಿಸುತ್ತದೆಂದು ದೂರದರ್ಶನದವರು ಕೇಳಿದಾಗ, ಬಹಳ ಕಷ್ಟವೆನಿಸುತ್ತದೆ ಎಂದೇ ಆರಂಭಿಸಿ, ಹೋಟೆಲುಗಳು ತಮ್ಮನ್ನು ಬಾಗಿಲಲ್ಲೇ ತಡೆದುದನ್ನೂ, ತಮಗೆ ಊಟವಿಲ್ಲದ ಕಡೆ ತಾವೂ ಉಣ್ಣುವುದಿಲ್ಲವೆಂದು ಸಂಗಡಿಗರು ಎದ್ದು ಬಂದುದನ್ನೂ, ಆ ಅನುಭವ ಯಾರಿಗೂ ಬೇಡವೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ನಡುವೆ ಬಾಯಿ ಹಾಕದೆ ಕೇಳಿಸಿಕೊಂಡ ನಿರೂಪಕರ ಸೌಜನ್ಯವನ್ನೂ ಮೆಚ್ಚಬೇಕು. ಪಂದ್ಯವನ್ನು ಕಾರ್ಡಿನಲ್ಸ್ 6–5ರಿಂದ ಗೆದ್ದರು.