ಉಸ್ತಾದರ ಪಾಲು

ನಮ್ಮ ಮೈಸೂರಿನ ಗರಡಿಮನೆಯಲ್ಲಿ ಲೆಕ್ಕ ಸಲೀಸಾಗಿತ್ತು. ಹುಡುಗ ಗೆದ್ದರೆ ಉಸ್ತಾದರ ಕೈಗುಣ, ಸೋತರೆ ಹುಡುಗನ ಮೈಯಲ್ಲಿ ಕಸುವಿಲ್ಲ. ಅಮೆರಿಕದ ಅಯೋವಾಕ್ಕೆ ಬಂದು ನೋಡಿದರೆ ಇಲ್ಲಿನ ಕಾಲೇಜು ಕುಸ್ತಿಯದೂ ಅದೇ ಲೆಕ್ಕ. ಮಟ್ಟಿಯ ಕೆಮ್ಮಣ್ಣಿನ ಬದಲು ಮ್ಯಾಟು, ಅಷ್ಟೇ.

ಪಕ್ಕದ ಮನೆಯ ಹಿರಿಯರಿಗೆ ಡ್ಯಾನ್ ಗೇಬಲ್ ಎಂದರೆ ಮನೆದೇವರು. 1976ರಿಂದ 1997ರವರೆಗೆ ಅಯೋವಾ ವಿಶ್ವವಿದ್ಯಾಲಯದ ಕೋಚ್. 15 ರಾಷ್ಟ್ರೀಯ ಪ್ರಶಸ್ತಿ, ಅದರಲ್ಲಿ 1978ರಿಂದ ಸತತ ಒಂಬತ್ತು. ಅವರ ಹುಡುಗರೆಲ್ಲ ಒಂದೇ ಅಚ್ಚಿನವರು. ನುಗ್ಗುವುದು, ಹಿಡಿದದ್ದು ಬಿಡದಿರುವುದು, ಎದುರಾಳಿ ಏದುಸಿರು ಬಿಡುವಾಗ ಮತ್ತೆ ನುಗ್ಗುವುದು. "ಕೋಚಿಂಗ್ ಅಂದ್ರೆ ಅದು!" ಎನ್ನುತ್ತಾರೆ ಹಿರಿಯರು. ಅದೇ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಕೇಲ್ ಸ್ಯಾಂಡರ್ಸನ್ ಮಾತೆತ್ತಿದರೆ ಮುಖ ಸಿಂಡರಿಸಿ, "ಅವನದೇನಿದೆ? ಪ್ರತಿಭೆ ಇರೋ ಹುಡುಗರೆಲ್ಲ ಅಲ್ಲಿಗೇ ಹೋಗ್ತಾರೆ" ಎಂದುಬಿಡುತ್ತಾರೆ. ಅಯೋವಾ ಪರ ಮೂರು ಸಲ ಚಾಂಪಿಯನ್ ಆದ ಸ್ಪೆನ್ಸರ್ ಲೀ, ಪೆನ್ ಸ್ಟೇಟ್ ಇರುವ ಪೆನ್ಸಿಲ್ವೇನಿಯಾದಿಂದಲೇ ಬಂದವನಲ್ಲವೇ ಎಂದು ಕೇಳಿದೆ. ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋದರು.

ನನಗೆ ಮಾತ್ರ 2018ರ ರಾಷ್ಟ್ರೀಯ ಕಾಲೇಜು ಕುಸ್ತಿಯ ಫೈನಲ್ ಮರೆಯುವುದಿಲ್ಲ. ಪೆನ್ ಸ್ಟೇಟಿನ ಬೋ ನಿಕಲ್, ಮೈಲ್ಸ್ ಮಾರ್ಟಿನ್‌ನ ಪಟ್ಟಿಗೆ ಸಿಕ್ಕಿ ಬೀಳುತ್ತಿದ್ದ. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ, ಬೀಳುವ ರಭಸದಲ್ಲೇ ಮಗುಚಿ ಎದುರಾಳಿಯನ್ನು ಚಿತ್ ಮಾಡಿಬಿಟ್ಟ. ತಂಡದ ಪ್ರಶಸ್ತಿಯೂ ಆ ಉರುಳಾಟದಲ್ಲೇ ಇತ್ಯರ್ಥವಾಯಿತು. ಅಂಥದ್ದನ್ನು ಯಾವ ಉಸ್ತಾದರೂ ಕಲಿಸಲಾರರು. ಆದರೆ ಬೇಡವೆಂದು ತಡೆಯಬಲ್ಲರು. ಸ್ಯಾಂಡರ್ಸನ್ ತಡೆಯಲಿಲ್ಲ, ನನ್ನ ಮಟ್ಟಿಗೆ ಅದೂ ಕೋಚಿಂಗೇ.

ಮೈಸೂರಿನ ನಮ್ಮ ಬೀದಿಯಲ್ಲೂ ಅಂಥವನೊಬ್ಬನಿದ್ದ. ಹಿಡಿದರೆ ಕೈಗೆ ಸಿಗುತ್ತಿರಲಿಲ್ಲ. ಬಗ್ಗಿ, ನುಸುಳಿ, ಹಿಂದಿನಿಂದ ಬಂದು ಸೊಂಟ ತಬ್ಬುತ್ತಿದ್ದ. ನಾವು ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. "ಏನೋ ಇದು ಕೋತಿಯಾಟ? ನೆಟ್ಟಗೆ ನಿಂತು ಹಿಡಿಯೋ!" ಎಂದು ಉಸ್ತಾದರು ಬೆನ್ನಿಗೆ ಬಾರಿಸಿದರು. ಅವನು ನೆಟ್ಟಗೆ ನಿಂತ, ನೆಟ್ಟಗೆ ಬಿದ್ದ. ಆಮೇಲೆ ಹಾಲಿನ ಬೂತು ಇಟ್ಟ. ಊರಿಗೆ ಹೋದಾಗ ಅವನ ಹತ್ತಿರವೇ ಹಾಲು ತರುತ್ತೇನೆ. ಜನರ ಸಾಲಿನ ನಡುವೆ ನುಸುಳಿ ಬಂದು ಚಿಲ್ಲರೆ ಕೊಡುವಾಗ ಹಳೆಯ ಚುರುಕು ಒಂದಿಷ್ಟು ಕಾಣುತ್ತದೆ.

ಮತ್ತೆ ಆ ಇಬ್ಬರು ಕೋಚ್‌ಗಳ ಮಾತಿಗೆ ಬಂದರೆ, ಗೇಬಲ್ ಕಾಲೇಜು ಕುಸ್ತಿಯಲ್ಲಿ ಸೋತದ್ದು ಒಂದೇ ಸಲ, 1970ರಲ್ಲಿ ತಮ್ಮ ಕೊನೆಯ ಪಂದ್ಯದಲ್ಲಿ, ಲ್ಯಾರಿ ಓವಿಂಗ್ಸ್ ಎದುರು. ಸ್ಯಾಂಡರ್ಸನ್ 159 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಸೋಲಿನ ರುಚಿ ಕಂಡವರು ಹುಡುಗರನ್ನು ಬೆವರಿಳಿಸಿ ದುಡಿಸಿದರು, ಕಾಣದವರು ತಮ್ಮಿಷ್ಟದಂತೆ ಆಡಲು ಬಿಟ್ಟರು ಎಂದು ನಾನೊಂದು ಸಿದ್ಧಾಂತ ಕಟ್ಟಿದೆ. ಹಿರಿಯರು ತಲೆದೂಗಲಿಲ್ಲ. ಇನ್ನೊಂದು ಸಂಗತಿ ಹೇಳಿದ್ದಕ್ಕಂತೂ ಕಾಫಿ ಲೋಟವನ್ನೇ ಕೆಳಗಿಟ್ಟರು: ಇಬ್ಬರೂ ಕಾಲೇಜು ಕುಸ್ತಿ ಆಡಿದ್ದು ಇವರ ಅಯೋವಾ ಪರವಾಗಿ ಅಲ್ಲವೇ ಅಲ್ಲ, ಬದ್ಧವೈರಿಯಾದ ಏಮ್ಸಿನ ಅಯೋವಾ ಸ್ಟೇಟ್ ಪರವಾಗಿ.